ಕಡ ತಂದ ಮೂಗು

ಶನಿವಾರ ತಂದದ್ದು, ಒಂದೂವರೆ ಕಿಲೊ,
ಚರ್ಮ ಸಮೇತ, ಕೊಬ್ಬು ಎರಡು ಬೆರಳು, ಪಾಸ್ಕಲನ ಅಂಗಡಿಯದ್ದು.
ಆದಿತ್ಯವಾರ ಪೂಜೆ ಮುಗಿಸಿ ಬರುತ್ತೇವೆಂದ ನಾದಿನಿಯ ಮನೆಯವರು
ಬರಲಿಲ್ಲ. ಮಗುವಿಗೆ ಕೆಪ್ಪಟೆಯಂತೆ.
ಸೋಮವಾರ ರಾತ್ರಿ ವೆಲೆನ್ಸಿಯಾ ಇಡೀ ಕರೆಂಟಿಲ್ಲ.
ಎಷ್ಟು ಹೊತ್ತು? ನಾನು ಮಲಗಿದ್ದೆ.
ಬೆಳಿಗ್ಗೆ ಫ್ರಿಜ್ಜು
ಏನೂ ಆಗದವರ ಹಾಗೆ ಗುಂಯ್‌ಗುಡುತ್ತಿತ್ತು.
ಐಸಿನ ಟ್ರೇ ಎಳೆದು ನೋಡಿದೆ:
ತುಂಡುಗಳ ಮೂಲೆಯೆಲ್ಲ ದುಂಡಗೆ,
ರಾತ್ರಿ ಕರಗಿ, ಬೆಳಗಿಗೆ ಗಟ್ಟಿಯಾಗಿ
ಸಾಕ್ಷಿ ಹೇಳಲೊಲ್ಲದ ಮುಖ.

ಇವತ್ತು ಬುಧವಾರ.

ಬೋಗುಣಿಗೆ ಸುರಿದೆ.
ಟ್ಯೂಬ್‌ಲೈಟಿನ ಕೆಳಗೆ ನನ್ನ ಕೈಯೂ ಬೂದು, ಮಾಂಸವೂ ಬೂದು.
ಹಿತ್ತಿಲ ಬೆಳಕಿಗೆ ಒಯ್ದರೆ ಒಂದು ಬದಿ ಗುಲಾಬಿ,
ಇನ್ನೊಂದು ಬದಿ ಹಳೇ ಕ್ಯಾಲೆಂಡರಿನ ಸಂತನ ಅಂಗಿಯ ಬಣ್ಣ.
ಬೆರಳಿಟ್ಟೆ. ಲೋಳೆಯೋ, ನೀರೋ?
ನಲ್ಲಿಗೆ ಹಿಡಿದರೂ ಜಾರುತ್ತದೆ.
ಕೊಬ್ಬು ಜಾರುವುದೇ ಅಲ್ವಾ.

ಬೇರೆಯವರಾದರೆ ಮೂಸಿ ಮುಗಿಸುತ್ತಿದ್ದರು.
ನನಗೆ ಆ ಜ್ವರದ ವರ್ಷದಿಂದ ಮೂಗೆಂದರೆ
ಕನ್ನಡಕ ನಿಲ್ಲಿಸಲಿಕ್ಕೊಂದು ಗೂಟ.
ಮಲ್ಲಿಗೆ, ಫಿನಾಯಿಲು, ಒಣ ನಂಗು
ಎಲ್ಲ ಒಂದೇ ಗಾಳಿ.
ಜೋರಾಗಿ ಎಳೆದುಕೊಂಡೆ;
ಫ್ರಿಜ್ಜಿನ ಚಳಿ ಮಾತ್ರ ಒಳಗೆ ಹೋಯಿತು.

ಪಾಸ್ಕಲನಿಗೆ ಫೋನು ಮಾಡಿದೆ.
"ನನ್ನ ಮಾಲನ್ನು ನಾನೇ ಕೆಟ್ಟದ್ದು ಹೇಳಲಿಕ್ಕುಂಟಾ ಬಾಯಮ್ಮ?
ಶನಿವಾರ ಚಂದ ಇತ್ತು. ಬುಧವಾರದ್ದು ನನಗೆ ಗೊತ್ತಿಲ್ಲ."
ಹಿಂದೆ ಕತ್ತಿ ಬೀಳುವ ಸದ್ದು.

ಅತ್ತೆ ಇದ್ದಿದ್ದರೆ ಹೇಳುತ್ತಿದ್ದರು:
ವಿನೆಗರ್ ಎರಡು ಸೌಟು ಜಾಸ್ತಿ ಹಾಕು, ಬಫಾತ್ ಪುಡಿ ಕೈಬಿಚ್ಚಿ ಹಾಕು,
ಕುದಿಸಿದರೆ ಎಲ್ಲ ಸಾಯ್ತದೆ.
ಸಾಯ್ತದೆ ಮಾಯಿ. ಸಾಯುವ ಮೊದಲು
ಅದು ಬಿಟ್ಟು ಹೋದದ್ದು ಸಾಯುವುದಿಲ್ಲವಂತಲ್ಲ.
ಇಬ್ಬರೂ ಹೀಗೆ ಸ್ವಲ್ಪ ಹೊತ್ತು.
ಆರುನೂರು ರೂಪಾಯಿ ಬೋಗುಣಿಯಲ್ಲಿ ಬೆವರುತ್ತಿತ್ತು.

ಕೊನೆಗೆ ಪಾಗಾರದ ಆಚೆ ಕರೆದೆ: ಅನಂತಮತಿಯಕ್ಕಾ.
ಕಾರ್ಕಳದ ಕಡೆಯ ಜೈನರು. ನೀರುಳ್ಳಿ ಕೊಯ್ದ ಚೂರಿಯನ್ನೂ ಮುಟ್ಟದವರು,
ಬೆಳಕಿರುವಾಗಲೇ ಉಂಡು ಕೈ ತೊಳೆಯುವವರು.
ಕೇಳಬಾರದಿತ್ತು. ಕೇಳಿದೆ.

ಸೆರಗು ಮೂಗಿಗೆ ಹಿಡಿದು ಬಂದರು.
ಮೆಟ್ಟಿಲ ಹತ್ತಿರ ನಿಂತು ಸೆರಗು ತೆಗೆದರು.
ಕಣ್ಣು ಮುಚ್ಚಿದರು, ಬಸದಿಯಲ್ಲಿ ನಿಂತ ಹಾಗೆ.
"ನನಗಿದು ಯಾವತ್ತೂ ಕೆಟ್ಟ ವಾಸನೆಯೇ.
ಕೆಟ್ಟದ್ದರಲ್ಲಿ ಕೆಟ್ಟದ್ದು ಯಾವುದು, ಹೇಗೆ ಹೇಳಲಿ?"
ಆದರೂ ಹೋಗಲಿಲ್ಲ. ಇನ್ನೊಮ್ಮೆ ಎಳೆದುಕೊಂಡರು.
ನಾಲ್ಕು ವರ್ಷದಿಂದ ನಿಮ್ಮ ಅಡುಗೆಯ ಗಾಳಿ
ನಮ್ಮ ಕಿಟಕಿಗೇ ಬರುವುದಲ್ವಾ, ಎಂದರು.
ಅದರಲ್ಲಿ ಈ ಹುಳಿ ಇರಲಿಲ್ಲ.
ಹಾಲು ಒಡೆಯುವ ಮೊದಲಿನ ಹುಳಿ, ಅದು ನನಗೆ ಗೊತ್ತುಂಟು.
ತೆಂಗಿನಕಾಯಿ ಕೊಳೆಯುವಾಗಿನದ್ದೂ ಸ್ವಲ್ಪ.
ಬೇಡ ಬಾಯಮ್ಮ.

ಅಷ್ಟು ಹೇಳಿ ಹೋದರು. ಗೋಡೆಯಾಚೆ
ಮಧ್ಯಾಹ್ನದ ಹೊತ್ತಿನಲ್ಲಿ ಎರಡನೇ ಸ್ನಾನದ ಚೊಂಬು
ದಡಬಡ ಸದ್ದಾಯಿತು.

ಜೀಗುಜ್ಜೆ ಮರದಡಿ ಹೂತೆ, ಮೊಣಕಾಲು ಆಳ ಅಂದುಕೊಂಡು,
ನಿಜಕ್ಕೆ ಗೇಣು.
ರಾತ್ರಿ ಗೇಟಿನ ಬೆಕ್ಕು ಕೆದಕಿ ತಿಂದಿದೆ.
ಬೆಳಿಗ್ಗೆ ಪಾಗಾರದ ಮೇಲೆ, ಜೀವಂತ,
ಮುಂಗಾಲು ನೆಕ್ಕುತ್ತ.

ಅನಂತಮತಿಯಕ್ಕ ಕಿಟಕಿಯಿಂದ ಕಂಡು ಮುಖ ಸಣ್ಣ ಮಾಡಿದರು:
"ನನ್ನ ಮೂಗಿಗೆ ತಪ್ಪಿತೋ ಏನೋ. ನಿಮ್ಮ ದುಡ್ಡು..."
ಬೆಕ್ಕಿನ ಹೊಟ್ಟೆ ಬೇರೆ, ನಮ್ಮದು ಬೇರೆ, ಎಂದೆ.
ಕಡ ತಂದ ಸೇರು ಹಿಂದೆ ಕೊಡುವಾಗ
ಅಳತೆ ಕಮ್ಮಿ ಎನ್ನುವ ಕ್ರಮ ಇಲ್ಲ ನಮ್ಮಲ್ಲಿ.

ಬೋಗುಣಿಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದೆ.
ಇನ್ನೂ ನಾರುತ್ತದೋ ಇಲ್ಲವೋ,
ಅದನ್ನು ಕೇಳಲಿಕ್ಕೆ ಮಾತ್ರ ಹೋಗಲಿಲ್ಲ.